ಇಡಿಯಾಗಿ ಬರಬೇಕಿದ್ದ ಗಡ್ಡೆ: ಬಾಸ್ಟನ್ನಿನ ಒಂದು ಪ್ರಕರಣ

ರೋಗಿ: 40 ವರ್ಷದ ಮಹಿಳೆ. ಆರು ಮಕ್ಕಳ ತಾಯಿ. ವೃತ್ತಿಯಿಂದ ಅರಿವಳಿಕೆ ತಜ್ಞೆ. ದೂರು: ವಿಪರೀತ ರಕ್ತಸ್ರಾವ. ತಪಾಸಣೆಯಲ್ಲಿ ಕಂಡದ್ದು: ಗರ್ಭಕೋಶದಲ್ಲಿ ಗಡ್ಡೆಗಳು. ಶಸ್ತ್ರಚಿಕಿತ್ಸೆಗೆ ಮುನ್ನ ನಡೆದ ಪರೀಕ್ಷೆಗಳಲ್ಲಿ ಕ್ಯಾನ್ಸರಿನ ಸುಳಿವಿಲ್ಲ. ನಿರ್ಧಾರ: ಲ್ಯಾಪರೋಸ್ಕೋಪಿಯ ಮೂಲಕ ಗರ್ಭಕೋಶ ತೆಗೆಯುವುದು.

ಈ ನಾಲ್ಕೈದು ಸಾಲನ್ನು ಹುಬ್ಬಳ್ಳಿಯಲ್ಲಾಗಲಿ ಮಂಗಳೂರಿನಲ್ಲಾಗಲಿ ಯಾವ ಸ್ತ್ರೀರೋಗ ತಜ್ಞರ ಮುಂದಿಟ್ಟರೂ "ಫೈಬ್ರಾಯ್ಡ್" ಎನ್ನುತ್ತಾರೆ. ಅನ್ನಬೇಕಾದದ್ದೂ ಹಾಗೆಯೇ. 2013ರ ಅಕ್ಟೋಬರಿನಲ್ಲಿ ಅಮೆರಿಕದ ಬಾಸ್ಟನ್ ನಗರದ ಬ್ರಿಗಮ್ ಅಂಡ್ ವಿಮೆನ್ಸ್ ಆಸ್ಪತ್ರೆಯಲ್ಲೂ ಹಾಗೆಯೇ ಅಂದುಕೊಂಡರು. ರೋಗಿಯ ಹೆಸರು ಡಾ. ಏಮಿ ರೀಡ್. ಅದೇ ಊರಿನ ಬೆತ್ ಇಸ್ರೇಲ್ ಡೀಕನೆಸ್ ಆಸ್ಪತ್ರೆಯಲ್ಲಿ ಅವರಿಗೆ ಕೆಲಸ. ಗಂಡ ಡಾ. ಹೂಮನ್ ನೂರ್ಚಶ್ಮ್ ಹೃದಯ ಮತ್ತು ಎದೆಯ ಶಸ್ತ್ರಚಿಕಿತ್ಸಕ, ಅದೂ ಬ್ರಿಗಮ್‌ನಲ್ಲೇ. ವೈದ್ಯಲೋಕದ ಒಳಮನೆಯಲ್ಲೇ ಇದ್ದ ದಂಪತಿ. ಮುಂದೆ ನಡೆದದ್ದನ್ನು ಅವರೇ ಸಾರ್ವಜನಿಕವಾಗಿ ಹೇಳಿಕೊಂಡದ್ದರಿಂದ ಈ ಪ್ರಕರಣವನ್ನು ಹೆಸರು ಹಿಡಿದು ಚರ್ಚಿಸಲು ಸಾಧ್ಯವಾಗಿದೆ.

ನಾನು ಪೆಥಾಲಜಿಸ್ಟ್, ದೇಹದಿಂದ ತೆಗೆದ ಅಂಗಾಂಶ ಪರೀಕ್ಷಿಸಿ ರೋಗ ಯಾವುದೆಂದು ಹೇಳುವುದು ನನ್ನ ಕೆಲಸ. ರೋಗಿಯ ಮುಖ ನೋಡುವುದು ಅಪರೂಪ, ನನ್ನ ಮೇಜಿಗೆ ಬರುವುದು ಫಾರ್ಮಲಿನ್ ತುಂಬಿದ ಡಬ್ಬಿ. ಆದ್ದರಿಂದ ಈ ಕಥೆಯನ್ನು ನಾನು ಓದಿಕೊಂಡಿರುವುದು ಡಬ್ಬಿಯ ಕಡೆಯಿಂದ.

ಕತ್ತರಿಸುವ ಮೊದಲು ಗೊತ್ತಾಗುವುದೆಷ್ಟು?

ಫೈಬ್ರಾಯ್ಡ್ ಎಂದರೆ ಗರ್ಭಕೋಶದ ಸ್ನಾಯುವಿನಲ್ಲಿ ಬೆಳೆಯುವ, ಕ್ಯಾನ್ಸರ್ ಅಲ್ಲದ ಗಂಟು. ಇದು ಎಷ್ಟು ಸಾಮಾನ್ಯವೆಂದರೆ, ಅಮೆರಿಕದ ಒಂದು ಪ್ರಸಿದ್ಧ ಸಮೀಕ್ಷೆಯ ಪ್ರಕಾರ 50ರ ವಯಸ್ಸಿನ ಹೊತ್ತಿಗೆ ಅಲ್ಲಿನ ಬಿಳಿಯ ಮಹಿಳೆಯರಲ್ಲಿ ಸುಮಾರು ಶೇ. 70 ಮಂದಿಗೆ, ಕಪ್ಪು ಮಹಿಳೆಯರಲ್ಲಿ ಶೇ. 80ಕ್ಕೂ ಹೆಚ್ಚು ಮಂದಿಗೆ ಇದು ಇರುತ್ತದೆ. ಹೆಚ್ಚಿನವರಿಗೆ ಅದು ಇರುವುದೇ ತಿಳಿಯುವುದಿಲ್ಲ. "ಗಡ್ಡೆ ಬಿಟ್ಟರೆ ಕ್ಯಾನ್ಸರ್ ಆಗುತ್ತದೆ" ಎಂದು ಹೆದರಿಸಿ ಗರ್ಭಕೋಶ ತೆಗೆಸುವ ಚಾಳಿ ನಮ್ಮಲ್ಲಿದೆ. ಈ ಮಾತನ್ನು ಇಲ್ಲೇ ತಳ್ಳಿಹಾಕಬೇಕು. ಫೈಬ್ರಾಯ್ಡ್ ಕೆಟ್ಟು ಸಾರ್ಕೋಮಾ, ಅಂದರೆ ಸ್ನಾಯುವಿನಂಥ ಅಂಗಾಂಶದ ಕ್ಯಾನ್ಸರ್, ಆಗುವುದು ಅತ್ಯಂತ ವಿರಳ. ಫೈಬ್ರಾಯ್ಡ್‌ಗಳಲ್ಲಿ ಬಹುಪಾಲು ಮೆಡ್12 ಎಂಬ ವಂಶವಾಹಿಯ ಸಣ್ಣ ವ್ಯತ್ಯಾಸದಿಂದ ಹುಟ್ಟಿದವು. ಸಾರ್ಕೋಮಾಗಳ ವಂಶವಾಹಿಗಳಲ್ಲೋ ಬುಡಮೇಲಾದ ಗೊಂದಲ. ಸಾರ್ಕೋಮಾ ಸಾಮಾನ್ಯವಾಗಿ ಮೊದಲಿನಿಂದಲೇ ಸಾರ್ಕೋಮಾ. ಫೈಬ್ರಾಯ್ಡ್‌ಗಳ ಗುಂಪಿನಲ್ಲಿ ಅವುಗಳದೇ ವೇಷ ತೊಟ್ಟು ಕುಳಿತಿರುತ್ತದೆ, ಅಷ್ಟೆ.

ಗರ್ಭಕೋಶದ ಕ್ಯಾನ್ಸರ್‌ಗಳಲ್ಲಿ ಬಹುಪಾಲು ಒಳಪದರದಿಂದ ಹುಟ್ಟುತ್ತವೆ. ಸ್ನಾಯು ಮತ್ತು ಆಧಾರ ಅಂಗಾಂಶದಿಂದ ಹುಟ್ಟುವ ಸಾರ್ಕೋಮಾಗಳು ನೂರಕ್ಕೆ ಮೂರರಿಂದ ಏಳು ಮಾತ್ರ. ಅವುಗಳಲ್ಲಿ ಮುಖ್ಯವಾದದ್ದು ಸ್ನಾಯುವಿನ ಲಿಯೊಮಯೋಸಾರ್ಕೋಮಾ. ಒಳಪದರದ ಆಧಾರ ಕೋಶಗಳಿಂದ ಬರುವ ಸ್ಟ್ರೋಮಲ್ ಸಾರ್ಕೋಮಾ ಇನ್ನೊಂದು, ಅದರಲ್ಲಿ ಸಾಧುವೂ ಇದೆ, ಉಗ್ರವೂ ಇದೆ. ಅಡಿನೋಸಾರ್ಕೋಮಾ ಇನ್ನೂ ವಿರಳ. ಇವಲ್ಲದೆ ಕ್ಯಾನ್ಸರ್ ಎನ್ನಲೂ ಆಗದೆ ಅಲ್ಲ ಎನ್ನಲೂ ಆಗದೆ ನಮ್ಮನ್ನು ಸತಾಯಿಸುವ "ಸ್ಟಂಪ್" ಎಂಬ ಗುಂಪೊಂದಿದೆ. ಸ್ವಭಾವ ಅನಿಶ್ಚಿತವಾದ ಸ್ನಾಯುಗಡ್ಡೆ ಎಂಬುದು ಅದರ ಅರ್ಥ. ವೈದ್ಯಶಾಸ್ತ್ರ ತನ್ನ ಅನುಮಾನಕ್ಕೇ ಒಂದು ಹೆಸರಿಟ್ಟುಕೊಂಡಿರುವ ಅಪರೂಪದ ಉದಾಹರಣೆ ಇದು.

ಇವನ್ನು ಶಸ್ತ್ರಚಿಕಿತ್ಸೆಗೆ ಮುಂಚೆಯೇ ಗುರುತಿಸಬಹುದೇ? ರೀಡ್ ಪ್ರಕರಣ ಕೇಳಿದವರೆಲ್ಲ ಮೊದಲು ಕೇಳುವ ಪ್ರಶ್ನೆ ಇದೇ. ನೇರ ಉತ್ತರ: ಖಚಿತವಾಗಿ ಆಗದು.

ಲಕ್ಷಣಗಳು ಎರಡಕ್ಕೂ ಒಂದೇ: ರಕ್ತಸ್ರಾವ, ಹೊಟ್ಟೆ ಭಾರ, ನೋವು, ಪದೇ ಪದೇ ಮೂತ್ರ. ಬೇಗ ಬೆಳೆಯುವ ಗಡ್ಡೆ ಅಪಾಯಕಾರಿ ಎಂದು ಹಳೆಯ ಪಠ್ಯಪುಸ್ತಕಗಳು ಹೇಳುತ್ತಿದ್ದವು. 1994ರಲ್ಲಿ ಪ್ರಕಟವಾದ ಕ್ಯಾಲಿಫೋರ್ನಿಯಾದ ಒಂದು ಅಧ್ಯಯನದಲ್ಲಿ "ವೇಗವಾಗಿ ಬೆಳೆಯುತ್ತಿದೆ" ಎಂಬ ಕಾರಣಕ್ಕೇ ಶಸ್ತ್ರಚಿಕಿತ್ಸೆ ಆದ 371 ಮಹಿಳೆಯರಲ್ಲಿ ಸಾರ್ಕೋಮಾ ಸಿಕ್ಕಿದ್ದು ಒಬ್ಬರಿಗೆ ಮಾತ್ರ. ಮುಟ್ಟು ನಿಂತ ಮೇಲೆ ಗಡ್ಡೆ ಬೆಳೆದರೆ ಮಾತ್ರ ಆ ಮಾತಿಗೆ ತೂಕವಿದೆ, ಏಕೆಂದರೆ ಹಾರ್ಮೋನು ಇಳಿದಾಗ ಫೈಬ್ರಾಯ್ಡ್ ಕುಗ್ಗಬೇಕು. ಸ್ತನ ಕ್ಯಾನ್ಸರಿಗೆಂದು ವರ್ಷಗಟ್ಟಲೆ ಟಾಮೋಕ್ಸಿಫೆನ್ ತೆಗೆದುಕೊಂಡವರಲ್ಲಿ, ಹಿಂದೆ ಕಿಬ್ಬೊಟ್ಟೆಗೆ ವಿಕಿರಣ ಪಡೆದವರಲ್ಲಿ ಕೂಡ ಹೆಚ್ಚು ಎಚ್ಚರ ಬೇಕು.

ಇನ್ನು ಪರೀಕ್ಷೆಗಳು. ಗರ್ಭಕೋಶದ ಒಳಪದರ ಕೆರೆದು ಮಾಡುವ ಬಯಾಪ್ಸಿ ಒಳಪದರದ ಕ್ಯಾನ್ಸರನ್ನು ಚೆನ್ನಾಗಿ ಹಿಡಿಯುತ್ತದೆ. ಆದರೆ ಲಿಯೊಮಯೋಸಾರ್ಕೋಮಾ ಗೋಡೆಯ ಒಳಗಿದೆ. ಸುಣ್ಣ ಕೆರೆದು ಇಟ್ಟಿಗೆಯ ಗುಣ ಹೇಳಲು ಹೋದಂತೆ. ಎಷ್ಟೋ ಸಾರ್ಕೋಮಾಗಳು ಅದಕ್ಕೆ ಸಿಗುವುದೇ ಇಲ್ಲ. ಅಲ್ಟ್ರಾಸೌಂಡ್ ಗಡ್ಡೆಯ ಗಾತ್ರ ಹೇಳುತ್ತದೆ, ಜಾತಿ ಹೇಳುವುದಿಲ್ಲ. ಎಂಆರ್‌ಐ ಮೇಲು: ಅಂಚು ಅಸ್ಪಷ್ಟವಾಗಿದೆಯೇ, ಒಳಗೆ ರಕ್ತ ಅಥವಾ ಸತ್ತ ಅಂಗಾಂಶವಿದೆಯೇ, ನೀರಿನ ಕಣಗಳ ಚಲನೆ ಬಿಗಿಯಾಗಿದೆಯೇ ಎಂಬುದನ್ನು ನೋಡಿ ಅನುಮಾನ ಪಡಬಹುದು. ರಕ್ತದಲ್ಲಿ ಎಲ್‌ಡಿಎಚ್ ಎಂಬ ಕಿಣ್ವ ಏರಿದ್ದರೆ ಅನುಮಾನ ಬಲಗೊಳ್ಳುತ್ತದೆ. ಆದರೆ ಕೊಳೆತ ಸಾಧಾರಣ ಫೈಬ್ರಾಯ್ಡ್ ಕೂಡ ಇದೇ ಚಿತ್ರ ಕೊಡುತ್ತದೆ. ಸೂಜಿ ಚುಚ್ಚಿ ತುಣುಕು ತೆಗೆಯೋಣವೆಂದರೆ, ಚುಚ್ಚಿದ ಜಾಗ ಸಾಧಾರಣವಾಗಿದ್ದು ಪಕ್ಕದ ಜಾಗ ಕೆಟ್ಟಿರಬಹುದು, ಜೊತೆಗೆ ಕೋಶಗಳು ಚೆಲ್ಲುವ ಭಯ.

ಹೀಗಾಗಿ ಬಹುತೇಕ ಲಿಯೊಮಯೋಸಾರ್ಕೋಮಾಗಳು ಪತ್ತೆಯಾಗುವುದು ಗರ್ಭಕೋಶ ಹೊರಬಂದ ಮೇಲೆಯೇ. ರೋಗನಿರ್ಣಯದ ಪರೀಕ್ಷೆಯೂ ಶಸ್ತ್ರಚಿಕಿತ್ಸೆಯೇ, ಮೊದಲ ಚಿಕಿತ್ಸೆಯೂ ಶಸ್ತ್ರಚಿಕಿತ್ಸೆಯೇ. ಎರಡೂ ಒಂದೇ ಮೇಜಿನ ಮೇಲೆ, ಒಂದೇ ಗಂಟೆಯಲ್ಲಿ ನಡೆದುಹೋಗುತ್ತವೆ. ಗಡ್ಡೆಯನ್ನು ಹೊರತೆಗೆದ ರೀತಿಯೇ ತಪ್ಪಿದ್ದರೆ ಅದನ್ನು ಆಮೇಲೆ ಸರಿಪಡಿಸುವ ದಾರಿಯಿಲ್ಲ.

ಯಂತ್ರ

ಲ್ಯಾಪರೋಸ್ಕೋಪಿಯಲ್ಲಿ ಹೊಟ್ಟೆಯ ಮೇಲೆ ಒಂದೆರಡು ಸೆಂಟಿಮೀಟರಿನ ರಂಧ್ರಗಳು. ಗಡ್ಡೆ ತುಂಬಿದ ಗರ್ಭಕೋಶ ತೆಂಗಿನಕಾಯಿಯಷ್ಟಿರಬಹುದು. ಬಿಡಿಸಿದ್ದಾಯಿತು, ಹೊರತೆಗೆಯುವುದು ಹೇಗೆ? ಇದಕ್ಕೆ ಉತ್ತರವಾಗಿ 1990ರ ದಶಕದಲ್ಲಿ ಬಂದದ್ದು ವಿದ್ಯುತ್ ಚಾಲಿತ ಮಾರ್ಸೆಲೇಟರ್. ಅದೊಂದು ಟೊಳ್ಳು ಕೊಳವೆ, ತುದಿಯಲ್ಲಿ ಗಿರ್ರನೆ ತಿರುಗುವ ಉರುಟು ಅಲಗು. ಕೊಳವೆಯೊಳಗಿಂದ ಇಕ್ಕಳ ಹಾಕಿ ಗರ್ಭಕೋಶವನ್ನು ಅಲಗಿನತ್ತ ಎಳೆದರೆ, ಸೇಬಿನ ಸಿಪ್ಪೆ ಸುಲಿದಂತೆ ಉದ್ದುದ್ದ ಪಟ್ಟಿಗಳಾಗಿ ಅಂಗಾಂಶ ಹೊರಬರುತ್ತದೆ. ಕೆಲವೇ ನಿಮಿಷಗಳ ಕೆಲಸ. ರೋಗಿ ಮರುದಿನ ಮನೆಗೆ, ಒಂದೆರಡು ವಾರದಲ್ಲಿ ಕೆಲಸಕ್ಕೆ. ಗಾಯದ ಸೋಂಕು, ರಕ್ತ ಹೆಪ್ಪುಗಟ್ಟುವಿಕೆ ಎಲ್ಲವೂ ಹೊಟ್ಟೆ ಕೊಯ್ಯುವ ಶಸ್ತ್ರಚಿಕಿತ್ಸೆಗಿಂತ ಕಡಿಮೆ. ಇದನ್ನು ಇಷ್ಟಪಟ್ಟ ವೈದ್ಯರನ್ನು ದುಡ್ಡಿನಾಸೆಯವರೆಂದು ಬಗೆಯುವುದು ಅನ್ಯಾಯ.

ಆದರೆ ಅಲಗು ತಿರುಗುವಾಗ ಪಟ್ಟಿಗಳಷ್ಟೇ ಹುಟ್ಟುವುದಿಲ್ಲ. ಚೂರುಗಳೂ ಸಿಡಿಯುತ್ತವೆ. ಕಲ್ಲಂಗಡಿಯನ್ನು ಮಿಕ್ಸಿಯ ಮುಚ್ಚಳ ಹಾಕದೆ ತಿರುಗಿಸಿದರೆ ಅಡುಗೆಮನೆಯ ಗೋಡೆ ಹೇಗಾಗುತ್ತದೆಯೋ ಹಾಗೆ, ಹೊಟ್ಟೆಯ ಒಳಗೋಡೆಯ ಮೇಲೆ, ಕರುಳಿನ ಮಡಿಕೆಗಳಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ತುಣುಕುಗಳು ಕೂರುತ್ತವೆ. ಎಷ್ಟು ತೊಳೆದರೂ ಕೆಲವು ಉಳಿಯುತ್ತವೆ. ಸಾಧಾರಣ ಫೈಬ್ರಾಯ್ಡ್ ತುಣುಕು ಕೂಡ ಅಲ್ಲಿ ಬೇರೂರಿ ಬೆಳೆದ ಉದಾಹರಣೆಗಳಿವೆ. ತುಣುಕು ಸಾರ್ಕೋಮಾದ್ದಾದರೆ ಹೊಟ್ಟೆಯೊಳಗೆ ಬೀಜ ಬಿತ್ತಿದಂತಾಯಿತು.

ಏಮಿ ರೀಡ್ ಅವರ ಗರ್ಭಕೋಶವನ್ನು ಹೊರತೆಗೆದದ್ದು ಈ ಯಂತ್ರದಿಂದ. ಆ ಕಾಲದ ರೂಢಿಯಂತೆ ನಡೆದ ಶಸ್ತ್ರಚಿಕಿತ್ಸೆ ಅದು.

ವರದಿ

ಸುಮಾರು ಒಂದು ವಾರದ ನಂತರ ಪೆಥಾಲಜಿ ವರದಿ ಬಂತು: ಲಿಯೊಮಯೋಸಾರ್ಕೋಮಾ.

ಈ ಪದ ಬರೆಯುವ ಮುನ್ನ ಸೂಕ್ಷ್ಮದರ್ಶಕದ ಹಿಂದೆ ಕುಳಿತವರು ಏನು ನೋಡುತ್ತಾರೆ ಎಂಬುದನ್ನು ಸ್ವಲ್ಪ ನಿಧಾನವಾಗಿ ಹೇಳುತ್ತೇನೆ, ಏಕೆಂದರೆ ಹೊರಗಿನವರಿಗೆ ಇದು ಕಾಣುವುದಿಲ್ಲ. ಇಡೀ ಗರ್ಭಕೋಶ ಬಂದರೆ ಮೊದಲು ಬರಿಗಣ್ಣಿನ ಕೆಲಸ. ಫೈಬ್ರಾಯ್ಡನ್ನು ಕೊಯ್ದರೆ ಚಾಕುವಿಗೆ ಗಟ್ಟಿಯಾಗಿ ತಾಗುತ್ತದೆ. ಕೊಯ್ದ ಮುಖ ಬಿಳಿಯಾಗಿ ಉಬ್ಬಿಕೊಂಡು, ನೂಲಿನ ಉಂಡೆಯಂತೆ ಸುರುಳಿ ಸುರುಳಿಯಾಗಿರುತ್ತದೆ, ಸುತ್ತಲಿನ ಸ್ನಾಯುವಿನಿಂದ ಸಲೀಸಾಗಿ ಬಿಡಿಸಿಕೊಳ್ಳುತ್ತದೆ. ಸಾರ್ಕೋಮಾ ಹಾಗಲ್ಲ. ಮೆತ್ತಗೆ, ಹಸಿ ಮೀನಿನ ತುಂಡಿನ ಬಣ್ಣ, ನಡುನಡುವೆ ಹಳದಿ ಅಥವಾ ಕೆಂಪು ಮಚ್ಚೆ, ಅಂಚು ಎಲ್ಲಿ ಮುಗಿಯಿತೆಂದು ಹೇಳಲಾಗದು. ಹತ್ತು ಗಡ್ಡೆಗಳಲ್ಲಿ ಒಂದು ಹೀಗಿದ್ದರೆ ಕೈ ತಾನೇ ಅಲ್ಲಿ ನಿಲ್ಲುತ್ತದೆ. ಅದರಿಂದಲೇ ಹೆಚ್ಚು ತುಣುಕು ತೆಗೆಯುತ್ತೇವೆ.

ಆಮೇಲೆ ಗಾಜಿನ ಸ್ಲೈಡ್. 1994ರಲ್ಲಿ ಸ್ಟ್ಯಾನ್‌ಫೋರ್ಡಿನ ಪೆಥಾಲಜಿಸ್ಟರು 213 ಸಮಸ್ಯಾತ್ಮಕ ಗಡ್ಡೆಗಳನ್ನು ಅಧ್ಯಯನ ಮಾಡಿ ಕೊಟ್ಟ ಮೂರು ಮಾನದಂಡಗಳೇ ಇಂದಿಗೂ ತಳಹದಿ. ಕೋಶಗಳು ಎದ್ದು ಕಾಣುವಷ್ಟು ವಿಕಾರವಾಗಿವೆಯೇ? ಕೋಶಗಳ ವಿಭಜನೆ ಎಷ್ಟು, ಅಂದರೆ ದೊಡ್ಡ ವರ್ಧನೆಯ ಹತ್ತು ಕ್ಷೇತ್ರಗಳಲ್ಲಿ ಒಡೆದು ಎರಡಾಗುತ್ತಿರುವ ಕೋಶಗಳು ಹತ್ತು ಅಥವಾ ಹೆಚ್ಚು ಸಿಗುತ್ತವೆಯೇ? ಮತ್ತು ಗಡ್ಡೆಯ ಕೋಶಗಳು ತಟ್ಟನೆ ಗುಂಪಾಗಿ ಸತ್ತ ಪ್ರದೇಶವಿದೆಯೇ? ಮೂರರಲ್ಲಿ ಎರಡಾದರೂ ಇದ್ದರೆ ಲಿಯೊಮಯೋಸಾರ್ಕೋಮಾ. ಮೂರನೆಯದೇ ಕಠಿಣ. ರಕ್ತ ಸಾಲದೆ ಫೈಬ್ರಾಯ್ಡ್ ಒಣಗಿದ್ದಕ್ಕೂ ಕ್ಯಾನ್ಸರ್ ತನ್ನ ವೇಗಕ್ಕೆ ತಾನೇ ಸತ್ತದ್ದಕ್ಕೂ ವ್ಯತ್ಯಾಸ ಕಾಣುವುದು ಸತ್ತ ಮತ್ತು ಬದುಕಿದ ಭಾಗಗಳ ಗಡಿಯಲ್ಲಿ. ಆ ಗಡಿ ಥಟ್ಟನೆ ಬದಲಾದರೆ ಕ್ಯಾನ್ಸರಿನ ಕಡೆ, ನಡುವೆ ಗಾಯದ ಪಟ್ಟಿಯಿದ್ದರೆ ಫೈಬ್ರಾಯ್ಡಿನ ಕಡೆ.

ಮಾರ್ಸೆಲೇಟರಿನಿಂದ ಬಂದ ಡಬ್ಬಿಯಲ್ಲಿ ಇರುವುದು ನೂರಾರು ಪಟ್ಟಿಗಳು. ಅರ್ಧ ಕಿಲೋ ಇರಬಹುದು. ಯಾವ ಪಟ್ಟಿ ಯಾವ ಗಡ್ಡೆಯದು? ಗಡ್ಡೆ ಎಷ್ಟು ದೊಡ್ಡದಿತ್ತು? ಐದು ಸೆಂಟಿಮೀಟರಿನ ಒಳಗೋ ಹೊರಗೋ ಎಂಬುದರ ಮೇಲೆ ಗರ್ಭಕೋಶಕ್ಕೇ ಸೀಮಿತವಾದ ಮೊದಲ ಹಂತದ ಕ್ಯಾನ್ಸರಿನ ಒಳವರ್ಗವೇ ನಿಂತಿದೆ. ಅಂಚು ಸುತ್ತಲಿನ ಸ್ನಾಯುವನ್ನು ತಿಂದಿತ್ತೇ? ಉತ್ತರವಿಲ್ಲ. ಕಣ್ಣಿಗೆ ಬಿದ್ದ ಹತ್ತು ಹದಿನೈದು ಪಟ್ಟಿ ಆರಿಸಿ ಸ್ಲೈಡ್ ಮಾಡುತ್ತೇವೆ. ಕೆಟ್ಟದ್ದು ಹದಿನಾರನೆಯ ಪಟ್ಟಿಯಲ್ಲಿದ್ದರೆ ವರದಿ "ಫೈಬ್ರಾಯ್ಡ್" ಎಂದೇ ಹೋಗುತ್ತದೆ. ತುಂಡು ಮಾಡುವುದರಿಂದ ಕ್ಯಾನ್ಸರ್ ಹರಡುವ ಮಾತು ಎಲ್ಲರಿಗೂ ಗೊತ್ತಾಯಿತು, ರೋಗನಿರ್ಣಯವೇ ಕುರುಡಾಗುವ ಮಾತು ಅಷ್ಟಾಗಿ ಹೊರಬರಲಿಲ್ಲ. ಪೆಥಾಲಜಿಸ್ಟರಿಗೆ ವೇದಿಕೆ ಸಿಗುವುದು ಕಡಿಮೆ.

ಆದರೂ ಅವರು ಮಾತಾಡಿದ್ದರು. ರೀಡ್ ಶಸ್ತ್ರಚಿಕಿತ್ಸೆಗೆ ಸುಮಾರು ಒಂದು ವರ್ಷ ಮೊದಲು, 2012ರ ನವೆಂಬರಿನಲ್ಲಿ, ಅದೇ ಬ್ರಿಗಮ್ ಆಸ್ಪತ್ರೆಯ ಪೆಥಾಲಜಿ ವಿಭಾಗದವರು ತಮ್ಮಲ್ಲಿ ನಡೆದ 1,091 ಮಾರ್ಸೆಲೇಶನ್‌ಗಳನ್ನು ಪರಿಶೀಲಿಸಿ ಪ್ರಬಂಧ ಪ್ರಕಟಿಸಿದ್ದರು. ಫೈಬ್ರಾಯ್ಡ್ ಎಂದು ಭಾವಿಸಿ ಕತ್ತರಿಸಿದ್ದರಲ್ಲಿ ಶೇ. 1.2ರಷ್ಟು ಬೇರೇನೋ ಆಗಿದ್ದವು, ಒಂದು ಲಿಯೊಮಯೋಸಾರ್ಕೋಮಾ ಕೂಡ ಇತ್ತು. ರೋಗಿಗಳಿಗೆ ಹೇಳುತ್ತಿರುವ ಅಪಾಯಕ್ಕಿಂತ ನಿಜವಾದ ಅಪಾಯ ಒಂಬತ್ತು ಪಟ್ಟು ಎಂದೂ ಬರೆದಿದ್ದರು. ಆಗ ಹೇಳುತ್ತಿದ್ದ ಲೆಕ್ಕ ಹತ್ತು ಸಾವಿರಕ್ಕೊಂದು. ಅದಕ್ಕೂ ಮುಂಚೆ, 2006ರಲ್ಲಿ, ಪೆನ್ಸಿಲ್ವೇನಿಯಾದ ಲೂಯಿಸ್‌ಬರ್ಗ್ ಎಂಬ ಸಣ್ಣ ಊರಿನ ಪೆಥಾಲಜಿಸ್ಟ್ ಡಾ. ರಾಬರ್ಟ್ ಲ್ಯಾಂಪಾರ್ಟರ್ ಮಾರ್ಸೆಲೇಟರ್ ತಯಾರಿಸುವ ಎತಿಕಾನ್ ಕಂಪನಿಯನ್ನೇ ಎಚ್ಚರಿಸಿದ್ದರು. ಸೂಕ್ಷ್ಮದರ್ಶಕದ ಕೋಣೆಯಲ್ಲಿ ಗೊತ್ತಿದ್ದದ್ದು ಅದೇ ಕಟ್ಟಡದ ಶಸ್ತ್ರಚಿಕಿತ್ಸಾ ಕೋಣೆಯ ರೂಢಿ ಬದಲಿಸಲಿಲ್ಲ. ಈ ಪ್ರಕರಣದಲ್ಲಿ ನನ್ನನ್ನು ಹೆಚ್ಚು ಕಾಡುವುದು ಯಂತ್ರಕ್ಕಿಂತ ಈ ಸಂಗತಿ.

ಚಿಕಿತ್ಸೆ

ಗರ್ಭಕೋಶಕ್ಕೆ ಸೀಮಿತವಾದ ಲಿಯೊಮಯೋಸಾರ್ಕೋಮಾಕ್ಕೆ ಇರುವ ಒಂದೇ ನಂಬಬಹುದಾದ ಚಿಕಿತ್ಸೆ ಗರ್ಭಕೋಶವನ್ನು ಒಡೆಯದೆ ಇಡಿಯಾಗಿ ತೆಗೆಯುವುದು. ಮುಟ್ಟು ನಿಲ್ಲದ, ರೋಗ ಆರಂಭದಲ್ಲಿರುವ ಮಹಿಳೆಯ ಅಂಡಾಶಯ ಉಳಿಸಿಕೊಳ್ಳಬಹುದು. ದುಗ್ಧಗ್ರಂಥಿಗಳು ಊದಿರದಿದ್ದರೆ ಅವನ್ನು ತೆಗೆಯುವ ಅಗತ್ಯವಿಲ್ಲ, ಈ ಕ್ಯಾನ್ಸರ್ ರಕ್ತದ ಮೂಲಕ ಶ್ವಾಸಕೋಶಕ್ಕೆ ಹಾರುವುದೇ ಹೆಚ್ಚು. ಎಲ್ಲವೂ ಸರಿಯಾಗಿ ನಡೆದರೂ ಇದು ಹಠಮಾರಿ ರೋಗ, ಅರ್ಧದಷ್ಟು ಮಂದಿಯಲ್ಲಿ ಮರುಕಳಿಸುತ್ತದೆ. ಶಸ್ತ್ರಚಿಕಿತ್ಸೆಯ ನಂತರ ಮುನ್ನೆಚ್ಚರಿಕೆಗೆ ಕೀಮೋ ಕೊಟ್ಟರೆ ಲಾಭವೇ ಎಂದು ಪರೀಕ್ಷಿಸಲು ಹೊರಟ ಅಂತಾರಾಷ್ಟ್ರೀಯ ಪ್ರಯೋಗಕ್ಕೆ ಸೇರಿದವರು 38 ಮಂದಿ ಮಾತ್ರ. ರೋಗಿಗಳು ಸಿಗದೆ ಅದು ಅರ್ಧಕ್ಕೇ ನಿಂತಿತು, ಲಾಭವೂ ಕಾಣಲಿಲ್ಲ. ಅಪರೂಪದ ರೋಗದ ಪಾಡೇ ಇದು: ಪುರಾವೆ ಕಟ್ಟಲು ಬೇಕಾದಷ್ಟು ರೋಗಿಗಳೇ ಇರುವುದಿಲ್ಲ.

ತುಂಡು ಮಾಡಿದ ಮೇಲೆ ಏನಾಗುತ್ತದೆ ಎಂಬುದಕ್ಕೆ ಸಿಯೋಲ್‌ನಿಂದ ಬಂದ 2011ರ ಅಧ್ಯಯನ ಮಾತಾಡುತ್ತದೆ. ಗರ್ಭಕೋಶಕ್ಕೆ ಸೀಮಿತವಾಗಿದ್ದ ಲಿಯೊಮಯೋಸಾರ್ಕೋಮಾದ 56 ಮಹಿಳೆಯರಲ್ಲಿ 25 ಮಂದಿಯ ಗಡ್ಡೆ ತುಂಡಾಗಿತ್ತು, 31 ಮಂದಿಯದು ಇಡಿಯಾಗಿ ಬಂದಿತ್ತು. ಐದು ವರ್ಷದ ನಂತರ ಬದುಕಿದ್ದವರು ಮೊದಲ ಗುಂಪಿನಲ್ಲಿ ಶೇ. 46, ಎರಡನೆಯದರಲ್ಲಿ ಶೇ. 73. ಚಿಕ್ಕ ಅಧ್ಯಯನ ಹೌದು. ಆದರೆ ತುಂಡಾದವರಲ್ಲಿ ರೋಗ ಮರಳಿದ್ದು ಹೆಚ್ಚಾಗಿ ಹೊಟ್ಟೆ ಮತ್ತು ಕಿಬ್ಬೊಟ್ಟೆಯೊಳಗೇ ಎಂಬುದು ಯಂತ್ರ ಬಿತ್ತಿದ ಬೀಜದ ಕಥೆಗೆ ಹೊಂದುತ್ತದೆ.

ಏಮಿ ರೀಡ್ ಅವರಿಗೆ ಮತ್ತೊಂದು ದೊಡ್ಡ ಶಸ್ತ್ರಚಿಕಿತ್ಸೆ ಆಯಿತು, ಕೀಮೋ ಆಯಿತು. ರೋಗ ಮರಳಿತು, ಮತ್ತೆ ಮತ್ತೆ ಮರಳಿತು, ಬೆನ್ನುಮೂಳೆಯ ಬಳಿಯೂ ಕಾಣಿಸಿಕೊಂಡಿತು. ಯಂತ್ರವೇ ತಮ್ಮ ಹೆಂಡತಿಯ ಕ್ಯಾನ್ಸರನ್ನು ಮುಂದಿನ ಹಂತಕ್ಕೆ ತಳ್ಳಿತು ಎಂಬುದು ನೂರ್ಚಶ್ಮ್ ಅವರ ವಾದ. ಒಬ್ಬ ರೋಗಿಯ ವಿಷಯದಲ್ಲಿ ಅದನ್ನು ಗಣಿತದಂತೆ ಸಾಧಿಸಲು ಬಾರದು, ಯಂತ್ರ ಬಳಸದಿದ್ದರೂ ಮರುಕಳಿಸುತ್ತಿತ್ತೋ ಏನೋ. ಆದರೆ ಆಕೆಗೆ ಸಿಗಬೇಕಿದ್ದ ಅತ್ಯುತ್ತಮ ಅವಕಾಶ ಆ ಕೆಲವು ನಿಮಿಷಗಳಲ್ಲಿ ಕೈತಪ್ಪಿತು ಎಂಬುದಕ್ಕೆ ವಾದ ಬೇಕಿಲ್ಲ.

ಹರಡಿದ ರೋಗಕ್ಕೆ ಆಗ ಇದ್ದ ಕೀಮೋ ಔಷಧಗಳೆಂದರೆ ಡಾಕ್ಸೊರುಬಿಸಿನ್, ಇಲ್ಲವೇ ಜೆಮ್ಸಿಟಬಿನ್ ಮತ್ತು ಡೋಸಿಟಾಕ್ಸೆಲ್ ಜೋಡಿ. ಸಮುದ್ರದ ತಳದಲ್ಲಿ ಬದುಕುವ ಒಂದು ಜೀವಿಯಿಂದ ಮೊದಲು ಸಿಕ್ಕ ಟ್ರಾಬೆಕ್ಟೆಡಿನ್ ಎಂಬ ಔಷಧಕ್ಕೆ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿದ್ದು 2015ರ ಅಕ್ಟೋಬರಿನಲ್ಲಿ. ಅದನ್ನು ಡಾಕ್ಸೊರುಬಿಸಿನ್ ಜೊತೆ ಮೊದಲ ಚಿಕಿತ್ಸೆಯಾಗಿಯೇ ಕೊಟ್ಟ ಫ್ರಾನ್ಸಿನ ಪ್ರಯೋಗದ ಅಂತಿಮ ಫಲಿತಾಂಶ 2024ರಲ್ಲಿ ಬಂತು: ಸರಾಸರಿ ಬದುಕು 24 ತಿಂಗಳಿಂದ 33 ತಿಂಗಳಿಗೆ ಏರಿತ್ತು. ಈ ರೋಗದಲ್ಲಿ ಒಂಬತ್ತು ತಿಂಗಳು ಸಣ್ಣದಲ್ಲ. ರೀಡ್ ಅವರಿಗೆ ಅದು ತಡವಾಯಿತು.

ಇಲ್ಲೊಂದು ಮಾತು ಸೇರಿಸಲೇಬೇಕು. "ಗರ್ಭಕೋಶದ ಸಾರ್ಕೋಮಾ" ಎಂಬ ಎರಡು ಪದ ವರದಿಯಲ್ಲಿ ಕಂಡೊಡನೆ ಎಲ್ಲ ಮುಗಿಯಿತು ಎಂದು ಕುಗ್ಗಬಾರದು. ಸಾಧು ಬಗೆಯ ಸ್ಟ್ರೋಮಲ್ ಸಾರ್ಕೋಮಾ ನಿಧಾನಿ. ಆರಂಭದಲ್ಲಿ ಸಿಕ್ಕರೆ ಐದು ವರ್ಷ ದಾಟುವವರು ನೂರಕ್ಕೆ ತೊಂಬತ್ತಕ್ಕೂ ಹೆಚ್ಚು. ಅದು ಈಸ್ಟ್ರೋಜನ್ ಎಂಬ ಹೆಣ್ಣು ಹಾರ್ಮೋನು ಉಂಡು ಬೆಳೆಯುವುದರಿಂದ ಅಂಡಾಶಯ ತೆಗೆಯುವುದುಂಟು. ಮರಳಿದರೆ ಆ ಹಾರ್ಮೋನನ್ನು ಇಳಿಸುವ ಲೆಟ್ರೊಜೋಲ್‌ನಂಥ ಮಾತ್ರೆಯಿಂದಲೇ ವರ್ಷಗಟ್ಟಲೆ ಹಿಡಿದಿಡಬಹುದು. ಅದೇ ರೋಗಿಗೆ ಮುಟ್ಟು ನಿಂತ ಬೇಗೆಗೆಂದು ಯಾರಾದರೂ ಈಸ್ಟ್ರೋಜನ್ ಮಾತ್ರೆ ಬರೆದರೆ ಬೆಂಕಿಗೆ ತುಪ್ಪ ಹೊಯ್ದಂತೆ. ಲಿಯೊಮಯೋಸಾರ್ಕೋಮಾದ ಕೀಮೋ ಇದಕ್ಕೆ ಕೊಟ್ಟರೆ ಸುಮ್ಮನೆ ಹಿಂಸೆ. ಹೊರನೋಟಕ್ಕೆ ಎರಡೂ ಗರ್ಭಕೋಶದ ಗಡ್ಡೆಯೇ. ಬೇರ್ಪಡಿಸುವುದು ಸ್ಲೈಡ್, ಕೆಲವೊಮ್ಮೆ ಜಾಜ್‌ಎಫ್1 ಎಂಬ ವಂಶವಾಹಿ ಇನ್ನೊಂದರ ಜೊತೆ ಬೆಸೆದುಕೊಂಡಿದೆಯೇ ಎಂಬ ಪರೀಕ್ಷೆ. ಅದಕ್ಕೇ ಇಂಥ ಸ್ಲೈಡುಗಳನ್ನು ಇನ್ನೊಬ್ಬ ಅನುಭವಿಗೆ ಕಳುಹಿಸಿ ಎರಡನೆಯ ಅಭಿಪ್ರಾಯ ಪಡೆಯುವುದು ಅವಮಾನವಲ್ಲ, ಕರ್ತವ್ಯ.

ಲೆಕ್ಕದ ಜಗಳ

ದಂಪತಿ ಸುಮ್ಮನಿರಲಿಲ್ಲ. ನೂರ್ಚಶ್ಮ್ ಆಸ್ಪತ್ರೆಗಳಿಗೆ, ವೈದ್ಯ ಸಂಘಗಳಿಗೆ, ಪತ್ರಕರ್ತರಿಗೆ, ಸಂಸದರಿಗೆ ಇಮೇಲ್‌ಗಳ ಸುರಿಮಳೆ ಸುರಿಸಿದರು. 2014ರ ಏಪ್ರಿಲ್ 17ರಂದು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಎಚ್ಚರಿಕೆ ಹೊರಡಿಸಿತು: ಫೈಬ್ರಾಯ್ಡ್ ಎಂದು ಶಸ್ತ್ರಚಿಕಿತ್ಸೆಗೆ ಒಳಗಾಗುವ ಪ್ರತಿ 350 ಮಹಿಳೆಯರಲ್ಲಿ ಒಬ್ಬರಲ್ಲಿ ಅಡಗಿದ ಸಾರ್ಕೋಮಾ ಇರುತ್ತದೆ. ಹತ್ತು ಸಾವಿರಕ್ಕೊಂದು ಎಂದು ಹೇಳುತ್ತಿದ್ದ ಬಾಯಿಗಳು ಒಂದೇ ದಿನಕ್ಕೆ ಕಟ್ಟಿದವು. ಆ ತಿಂಗಳ ಕೊನೆಗೆ ಎತಿಕಾನ್ ಮಾರಾಟ ನಿಲ್ಲಿಸಿತು, ಜುಲೈನಲ್ಲಿ ಯಂತ್ರಗಳನ್ನೇ ವಾಪಸು ಕರೆಯಿತು. ನವೆಂಬರ್ 24ರಂದು ಎಫ್‌ಡಿಎ ಇನ್ನೂ ಬಿಗಿ ಮಾಡಿ, ಮುಟ್ಟು ನಿಲ್ಲುವ ವಯಸ್ಸಿನವರಲ್ಲಿ ಮತ್ತು ನಿಂತವರಲ್ಲಿ ಬಳಸಬಾರದೆಂದು ಪೆಟ್ಟಿಗೆಯ ಮೇಲೆ ಕಪ್ಪು ಚೌಕದ ಎಚ್ಚರಿಕೆ ಹಾಕಿಸಿತು.

ಸ್ತ್ರೀರೋಗ ತಜ್ಞರಲ್ಲಿ ಅನೇಕರು ಸಿಟ್ಟಾದರು. ಅವರ ಸಿಟ್ಟಿನಲ್ಲೂ ಅರ್ಥವಿತ್ತು. 350ಕ್ಕೊಂದು ಎಂಬ ಲೆಕ್ಕಕ್ಕೆ ಆಧಾರವಾದ ಅಧ್ಯಯನಗಳು ಬೆರಳೆಣಿಕೆಯಷ್ಟು. 2015ರ ಇನ್ನೊಂದು ದೊಡ್ಡ ವಿಶ್ಲೇಷಣೆ ಲಿಯೊಮಯೋಸಾರ್ಕೋಮಾದ ಪ್ರಮಾಣ ಸುಮಾರು 1,960ಕ್ಕೊಂದು ಎಂದಿತು. ಯಂತ್ರ ಬಿಟ್ಟು ಎಲ್ಲರಿಗೂ ಹೊಟ್ಟೆ ಕೊಯ್ದರೆ ಆ ಕೊಯ್ತದಿಂದಲೇ ಸಾವುಗಳು ಹೆಚ್ಚುತ್ತವೆ ಎಂದು ಅದೇ ವರ್ಷ ಬೇರೊಂದು ತಂಡ ಲೆಕ್ಕ ಹಾಕಿತು: ಲಕ್ಷ ಮಹಿಳೆಯರಲ್ಲಿ ಲ್ಯಾಪರೋಸ್ಕೋಪಿ ದಾರಿಯಲ್ಲಿ 98 ಸಾವು, ತೆರೆದ ಶಸ್ತ್ರಚಿಕಿತ್ಸೆಯಲ್ಲಿ 103. ಹೆಚ್ಚುಕಡಿಮೆ ಸರಿಸಮ.

ಈ ಲೆಕ್ಕಗಳನ್ನು ನಾನು ತಳ್ಳಿಹಾಕುವುದಿಲ್ಲ. ಆದರೆ 98 ಮತ್ತು 103ರಲ್ಲಿ ಸಾಯುವವರು ಬೇರೆ ಬೇರೆ ಮಹಿಳೆಯರು, ಅವರ ಅಪಾಯವೂ ಒಂದೇ ಅಲ್ಲ. 2014ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ ಮಾರ್ಸೆಲೇಶನ್ ಆದ 36,470 ಮಹಿಳೆಯರಲ್ಲಿ 99 ಮಂದಿಗೆ ಗರ್ಭಕೋಶದ ಕ್ಯಾನ್ಸರ್ ಸಿಕ್ಕಿತ್ತು. ವಯಸ್ಸು ಏರಿದಂತೆ ಅಪಾಯ ಏರಿ, 65 ದಾಟಿದವರಲ್ಲಿ ಅತಿ ಹೆಚ್ಚಾಗಿತ್ತು. ಮೂವತ್ತೆರಡರ ಯುವತಿಗೂ ಅರುವತ್ತೆರಡರ ಅಜ್ಜಿಗೂ ಒಂದೇ ಸರಾಸರಿ ಹೇಳುವುದು ಯಾವ ನ್ಯಾಯ? ಎಲ್ಲಕ್ಕಿಂತ ಮುಖ್ಯವಾಗಿ, ಆಯ್ಕೆಯಿದೆ ಎಂಬುದನ್ನೇ ಹೇಳದಿದ್ದರೆ ಯಾವ ಲೆಕ್ಕವೂ ರೋಗಿಯ ಉಪಯೋಗಕ್ಕಿಲ್ಲ.

2017ರ ಫೆಬ್ರವರಿಯಲ್ಲಿ ಅಮೆರಿಕದ ಸಂಸತ್ತಿನ ಲೆಕ್ಕಪರಿಶೋಧನಾ ಸಂಸ್ಥೆಯ ವರದಿ ಬಂತು. 1991ರಿಂದ 2014ರವರೆಗೆ ಇಂಥ ಯಂತ್ರಗಳ 25 ಅರ್ಜಿಗಳಿಗೆ ಎಫ್‌ಡಿಎ ಹಸಿರು ನಿಶಾನೆ ತೋರಿಸಿತ್ತು. ಕ್ಯಾನ್ಸರ್ ಹರಡಿದ ಬಗ್ಗೆ ಅದಕ್ಕೆ ಮೊದಲ ದೂರು ಬಂದದ್ದು 2013ರ ಡಿಸೆಂಬರಿನಲ್ಲಿ, ಅಂದರೆ ರೀಡ್ ಪ್ರಕರಣ ಪತ್ರಿಕೆಗೆ ಬಂದ ತಿಂಗಳು. ಇಪ್ಪತ್ತೆರಡು ವರ್ಷಗಳಲ್ಲಿ ಒಂದೂ ಆಸ್ಪತ್ರೆ ಒಂದೂ ಚೀಟಿ ಬರೆದಿರಲಿಲ್ಲ.

ಆ ವರದಿ ಬಂದ ಮೂರು ತಿಂಗಳಿಗೆ, 2017ರ ಮೇ 24ರಂದು, ಏಮಿ ರೀಡ್ ಪೆನ್ಸಿಲ್ವೇನಿಯಾದ ಯಾರ್ಡ್ಲಿಯಲ್ಲಿ ತೀರಿಕೊಂಡರು. ವಯಸ್ಸು 44.

ಚೀಲ, ಮತ್ತು ನಮ್ಮ ಡಬ್ಬಿ

ಈಗ ಯಂತ್ರ ಪೂರ್ತಿ ಮಾಯವಾಗಿಲ್ಲ. ಗರ್ಭಕೋಶವನ್ನು ಹೊಟ್ಟೆಯೊಳಗೇ ಒಂದು ಗಟ್ಟಿ ಚೀಲಕ್ಕೆ ಹಾಕಿ, ಚೀಲದೊಳಗೆ ಕತ್ತರಿಸುವ ಪದ್ಧತಿ ಬಂದಿದೆ. ಮೊದಲ ಚೀಲಕ್ಕೆ 2016ರಲ್ಲಿ ಒಪ್ಪಿಗೆ ಕೊಡುವಾಗಲೂ ಎಫ್‌ಡಿಎ, ಇದರಿಂದ ಕ್ಯಾನ್ಸರ್ ಹರಡುವುದು ತಪ್ಪುತ್ತದೆ ಎಂದು ಸಾಬೀತಾಗಿಲ್ಲ ಎಂಬ ಮಾತು ಸೇರಿಸಿಯೇ ಕೊಟ್ಟಿತು. ಚೀಲ ಸೋರುವಿಕೆ ತಡೆಯಬಹುದು. ಪೆಥಾಲಜಿಸ್ಟಿಗೆ ಬರುವುದು ಆಗಲೂ ಪಟ್ಟಿಗಳೇ. ಅನುಮಾನವಿದ್ದರೆ ಯೋನಿಮಾರ್ಗದಿಂದ ಇಡಿಯಾಗಿ, ಅದು ಆಗದಿದ್ದರೆ ಅಡ್ಡಗೀಟಿನ ಸಣ್ಣ ಕೊಯ್ತದಿಂದ ತೆಗೆಯುವ ಹಳೆಯ ದಾರಿಯೇ ನನಗೆ ಹಿಡಿಸುತ್ತದೆ.

ನಮ್ಮ ಕಡೆಯ ಚಿತ್ರ ಬೇರೆ. ಸಣ್ಣ ಊರುಗಳ ನರ್ಸಿಂಗ್ ಹೋಮ್‌ಗಳಲ್ಲಿ ಶಸ್ತ್ರಚಿಕಿತ್ಸೆ ಮುಗಿದ ಮೇಲೆ ಡಬ್ಬಿಯನ್ನು ಮನೆಯವರ ಕೈಗೇ ಕೊಟ್ಟು "ಲ್ಯಾಬಿಗೆ ಕೊಟ್ಟು ಬನ್ನಿ" ಎನ್ನುವುದುಂಟು. ಪಂಚೆಯುಟ್ಟ ಹಿರಿಯರು, ಕಾಲೇಜಿಗೆ ಹೋಗುವ ಮಗ, ಪ್ಲಾಸ್ಟಿಕ್ ಕವರಿನಲ್ಲಿ ಡಬ್ಬಿ ಹಿಡಿದು ನಮ್ಮ ಕೌಂಟರಿನ ಮುಂದೆ ನಿಲ್ಲುತ್ತಾರೆ. ಕೆಲವರು ದಾರಿಯಲ್ಲಿ ಕೇಳುತ್ತಾರೆ: ಗಡ್ಡೆ ತೆಗೆದಾಯಿತಲ್ಲ, ಇದಕ್ಕೆ ಮತ್ತೆ ದುಡ್ಡು ಯಾಕೆ? ಕೆಲವು ಡಬ್ಬಿಗಳು ಕೌಂಟರಿನವರೆಗೆ ಬರುವುದೇ ಇಲ್ಲ. ಒಮ್ಮೆ ನೀರಿನಲ್ಲಿ ಮುಳುಗಿಸಿದ ಗರ್ಭಕೋಶ ಮೂರನೆಯ ದಿನಕ್ಕೆ ಬಂದಿತ್ತು. ಫಾರ್ಮಲಿನ್ ಇಲ್ಲದ ಅಂಗಾಂಶ ತಾನೇ ಕೊಳೆಯುತ್ತದೆ, ಆಮೇಲೆ ವಿಭಜನೆ ಎಣಿಸುವುದೂ ಇಲ್ಲ, ಸಾವಿನ ಗಡಿ ಹುಡುಕುವುದೂ ಇಲ್ಲ. ಆ ವರದಿಯಲ್ಲಿ ನಾನು "ಅಂಗಾಂಶ ಹಾಳಾಗಿದೆ, ನಿರ್ಣಯ ಅಸಾಧ್ಯ" ಎಂದು ಬರೆದೆ. ಆ ಮಹಿಳೆಯ ಗಡ್ಡೆ ಏನಾಗಿತ್ತೆಂದು ಯಾರಿಗೂ ತಿಳಿಯದು.

ನಮ್ಮ ಪ್ರಯೋಗಾಲಯದ ಫಾರಂನಲ್ಲಿ ಎರಡು ಸಾಲು ಸೇರಿಸಿದ್ದೇವೆ. ಮುಟ್ಟು ನಿಂತಿದೆಯೇ, ನಿಂತಿದ್ದರೆ ಎಂದಿನಿಂದ? ಗರ್ಭಕೋಶ ಇಡಿಯಾಗಿ ತೆಗೆದದ್ದೇ, ತುಂಡು ಮಾಡಿದ್ದೇ. ತುಂಡು ಮಾಡಿದ್ದರೆ ಚೀಲದೊಳಗೋ ಹೊರಗೋ? ಅನೇಕ ಫಾರಂಗಳಲ್ಲಿ ಆ ಜಾಗ ಖಾಲಿಯೇ ಬರುತ್ತದೆ. ಡಬ್ಬಿ ತೆರೆಯುವ ಮೊದಲು ಫೋನ್ ತೆಗೆದು ಶಸ್ತ್ರಚಿಕಿತ್ಸಕರಿಗೆ ಕರೆ ಮಾಡುತ್ತೇನೆ.